ಕಂದೀಲ ಕಲ್ಲಪ್ಪನಿಗೆ ಹಚ್ಚಿದ ಗಂಜಿ

ಇಳಕಲ್ಲಿನ ನೇಕಾರ ಅಮಾತೆಪ್ಪ ಶ್ರಾವಣದ ಒಂದು ಗುರುವಾರ ಮಧ್ಯಾಹ್ನ ಉಂಡು ಕೈ ಒರೆಸಿಕೊಂಡವನೇ ಅಟ್ಟದ ಮೇಲಿನ ಟ್ರಂಕು ಇಳಿಸಿದ. ಮತ್ತೆ ಮಗ್ಗಕ್ಕೆ ಕೂಡುವ ಮೊದಲು ಒಮ್ಮೆ ನೋಡಿಬಿಟ್ಟರೆ ಸಮಾಧಾನ, ಅಷ್ಟೇ. ಟ್ರಂಕಿನಲ್ಲಿ ಇದ್ದದ್ದು ಹದಿನಾಲ್ಕು ಹಳೆಯ ಕಾಮಿಕ್ಸ್ ಪುಸ್ತಕ, ಒಂದೊಂದೂ ಒಂದೊಂದು ಕುಬಸದ ಖಣದ ತುಂಡಿನಲ್ಲಿ ಸುತ್ತಿದ್ದು. ಎಲ್ಲಕ್ಕಿಂತ ಮೇಲಿದ್ದುದರ ಗಂಟು ಬಿಚ್ಚಿದ. ಮುಖಪುಟದಲ್ಲಿ ಕಂದೀಲು ಹಿಡಿದು ನಿಂತ ಕಲ್ಲಪ್ಪನಿಗೆ ಮುಖವೇ ಇರಲಿಲ್ಲ.

ಧೂಳು ಕೂತಿದೆಯೇನೋ ಎಂದು ಊದಿದ. ಊದಿದ್ದಕ್ಕೆ ಕಲ್ಲಪ್ಪನ ಹೆಗಲೂ ಪುಡಿಯಾಗಿ ಹಾರಿತು. ಬೆಳ್ಳಗೆ ಮಿನುಗುವ ಸಣ್ಣ ಹುಳವೊಂದು ಹಾಳೆಯ ಅಂಚಿನಿಂದ ಓಡಿ ಹೊಲಿಗೆಯೊಳಗೆ ನುಸುಳಿಕೊಂಡಿತು. ಅಮಾತೆಪ್ಪ ಎರಡನೆಯದನ್ನು ಬಿಚ್ಚಿದ, ಮೂರನೆಯದನ್ನು ಬಿಚ್ಚಿದ. ಐದನೆಯದಕ್ಕೆ ಬರುವಷ್ಟರಲ್ಲಿ ಗಂಟು ಬಿಚ್ಚಲು ಬೆರಳು ಒಪ್ಪಲಿಲ್ಲ.

ಕಂದೀಲ ಕಲ್ಲಪ್ಪ ಅಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ, ಅವರ ಅಪ್ಪ ಅವ್ವಂದಿರಿಗೂ ಗೊತ್ತಿಲ್ಲ. ಎಂಬತ್ತರ ಆಸುಪಾಸಿನಲ್ಲಿ ಗದುಗಿನ ಒಂದು ಸಣ್ಣ ಪ್ರೆಸ್ಸಿನವರು ಕೆಂಪು ಕಪ್ಪು ಎರಡೇ ಬಣ್ಣದಲ್ಲಿ ತಿಂಗಳಿಗೊಂದರಂತೆ ತರುತ್ತಿದ್ದ ಚಿತ್ರಕಥೆ ಅದು. ಕಲ್ಲಪ್ಪ ರೈಲಿಗೆ ಕಂದೀಲು ತೋರಿಸುವ ನೌಕರ. ಊರಲ್ಲಿ ಕಳವಾದರೆ, ಯಾರಾದರೂ ಕಾಣೆಯಾದರೆ ಅದೇ ಕಂದೀಲು ಹಿಡಿದು ಹುಡುಕುತ್ತ ಹೊರಡುವವ. ಮೂವತ್ತೊಂದು ಸಂಚಿಕೆ ಬಂದವು, ಪ್ರೆಸ್ಸು ಮುಚ್ಚಿತು. ಆಗ ಅಮಾತೆಪ್ಪ ಆರನೆಯ ಇಯತ್ತೆ. ಮರುವರ್ಷ ಅವನ ಸಾಲಿಯೂ ಮುಗಿಯಿತು. ಅಪ್ಪನ ಪಕ್ಕದ ಮಗ್ಗಕ್ಕೆ ಕೂತ. ಓದಿದ್ದು ಅಂತ ಅವನಿಗೆ ಬದುಕಿನಲ್ಲಿ ಉಳಿದದ್ದು ಕಲ್ಲಪ್ಪ ಒಬ್ಬನೇ.

ಇಂಥದೇ ಹುಚ್ಚಿನವರು ಇನ್ನೂ ಮೂವರು ಇದ್ದಾರೆ ಎಂದು ಗೊತ್ತಾದದ್ದು ಎಂಟು ವರ್ಷದ ಹಿಂದೆ. ಹುನಗುಂದದ ಸೈಕಲ್ ರಿಪೇರಿಯ ಫಕ್ರುಸಾಬ ಅಂಗಡಿಯ ಗೋಡೆಗೆ ಕಲ್ಲಪ್ಪನ ಒಂದು ಹಾಳೆ ಅಂಟಿಸಿದ್ದ. ಬಸ್ಸಿನ ಕಿಟಕಿಯಿಂದ ಅದನ್ನು ಕಂಡು ಅಮಾತೆಪ್ಪ ಮುಂದಿನ ಸ್ಟಾಪಿನಲ್ಲಿ ಇಳಿದು ಓಡಿ ಬಂದಿದ್ದ. ಬಾದಾಮಿಯ ತಿಮ್ಮಣ್ಣ, ನಿವೃತ್ತ ಪೋಸ್ಟಮನ್, ಫಕ್ರುಸಾಬನಿಗೆ ಮೊದಲೇ ಪರಿಚಯ. ಬಾಗಲಕೋಟೆಯ ಶೀಲಾ ಅಕ್ಕೋರು ಕನ್ನಡ ಸಾಲಿಯಲ್ಲಿ ಕಲಿಸುವವರು. ಹಳೆಯ ಊರಿಗೆ ಹಿನ್ನೀರು ಬಂದಾಗ ಅವರ ಮನೆಯವರು ಪಾತ್ರೆ ಪಗಡೆ ಹೊತ್ತರೆ ಇವರು ಕಾಮಿಕ್ಸಿನ ಚೀಲ ಹೊತ್ತು ನವನಗರಕ್ಕೆ ಬಂದವರು.

ನಾಲ್ವರೂ ಒಂದು ಪದ್ಧತಿ ಮಾಡಿಕೊಂಡರು. ತಿಂಗಳ ಮೊದಲ ರವಿವಾರ ಒಬ್ಬೊಬ್ಬರ ಮನೆಯಲ್ಲಿ ಪಾಳಿ. ಪುಸ್ತಕ ಖಣದಲ್ಲಿ ಸುತ್ತಿ ತರಬೇಕು, ತಂದದ್ದನ್ನು ತಿರುಗಿ ಒಯ್ಯಬಾರದು, ಬೇರೆಯವರು ತಂದದ್ದನ್ನೇ ಒಯ್ಯಬೇಕು. ಇದು ನನ್ನದು ಎನ್ನುವಂತಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆಯುವುದಕ್ಕೆ ಫಕ್ರುಸಾಬ ಒಪ್ಪಿರಲಿಲ್ಲ. "ಫೋಟೋದಾಗ ಸಿಕ್ಕಮ್ಯಾಲ ನಮ್ಮ ಮನೀಗೆ ಯಾಂವ ಬರ್ತಾನಲೇ ರೊಟ್ಟಿ ತಿನ್ನಾಕ?"

ಈ ವರ್ಷ ಆ ಫಕ್ರುಸಾಬನೇ ಸೋತ. ತಿಮ್ಮಣ್ಣನಿಗೆ ಸಕ್ಕರೆ ರೋಗ ಕಣ್ಣಿಗೆ ಇಳಿದು ಪುಸ್ತಕದ ಚಿತ್ರ ಕಾಣದಾಯಿತು. ಶೀಲಾ ಅಕ್ಕೋರ ಅಣ್ಣ ಧಾರವಾಡದಿಂದ ಸ್ಕ್ಯಾನರು ತಂದು, ದಸರೆ ಸೂಟಿಯಲ್ಲಿ ಎಲ್ಲವನ್ನೂ ತೆಗೆದುಕೊಡುವುದೆಂದು ಆಯಿತು. ಟೀವಿಯ ಮೇಲೆ ಹಾಕಿದರೆ ಗೋಡೆಯಷ್ಟು ದೊಡ್ಡ ಕಲ್ಲಪ್ಪನನ್ನು ತಿಮ್ಮಣ್ಣ ಕಾಕಾ ನೋಡಬಹುದು. ಆದರೆ ಹರಿದ ಹಾಳೆಗಳನ್ನು ಗಾಜಿನ ಮೇಲೆ ಚಪ್ಪಟೆ ಮಲಗಿಸಬೇಕಂತೆ. ಅದಕ್ಕೇ ಅಮಾತೆಪ್ಪ ಬೇಸಿಗೆಯಿಂದ ಕೂತು ಎಲ್ಲವನ್ನೂ ರಿಪೇರಿ ಮಾಡಿದ್ದ. ಗಾಳಿಪಟದ ತೆಳು ಹಾಳೆ, ಕುಂಚ, ನೂಲಿಗೆ ಹಾಕುವ ಅಕ್ಕಿಗಂಜಿ. ಅಕ್ಕೋರು ಹಾಳೆಯ ಮೇಲೆ ಬೆರಳಾಡಿಸಿ, "ಎಲ್ಲಿ ಹರದಿತ್ರೀ ಇದು?" ಎಂದು ಕೇಳಿದ್ದರು. ಆ ಮಾತನ್ನು ಅವನು ಹೆಂಡತಿಗೆ ನಾಲ್ಕು ಸಲ ಹೇಳಿದ್ದ.

ಈಗ ಹೆಂಡತಿ ಗುರುಸಿದ್ದವ್ವ ಟ್ರಂಕಿನ ಬದಿಗೆ ಕೂತು, ಪುಡಿಯನ್ನು ಬೆರಳ ತುದಿಗೆ ತೆಗೆದುಕೊಂಡು ನೋಡಿದಳು.

"ಗಂಜ್ಯಾಗ ಮೈಲುತುತ್ತ ಹಾಕಿದ್ರೋ ಇಲ್ಲೋ?"

"ಹಾಕಿದ್ರ ಹಾಳಿ ನೀಲಿ ಆಕ್ಕಿತ್ತಲ್ಲ. ಚಿತ್ರದ ಬಣ್ಣ ಕೆಡ್ತಿತ್ತು."

"ಹುಳಾ ಹತ್ತಬಾರ್ದಂತ ಮಾವನೋರು ಚಿಟಿಕಿ ಹಾಕದ ಗಂಜಿ ಒಲಿಯಿಂದ ಇಳಸ್ತಿದ್ದಿಲ್ಲ. ನೀವು ಹುಳಕ್ಕ ಎಡಿ ಮಾಡಿ ಬಡಸೀರಿ."

ಅಮಾತೆಪ್ಪನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. "ನೂಲಿನ ಗಂಜಿ ಎಷ್ಟ ದಿನ ಇರತೈತಿ? ನೇದು ಸೀರಿ ಆಗಿ ಹೋಗಿಬಿಡತೈತಿ. ಪೆಟ್ಟಿಗ್ಯಾಗ ಮುಚ್ಚಿಟ್ಟು ಕಾಯೂದು ನಮಗೇನ ಗೊತ್ತು?" ಎಂದ. ಮೂವತ್ತೆಂಟು ವರ್ಷ ಗಂಜಿಯಲ್ಲಿ ಕೈ ಅದ್ದಿದವನು ಆಡುವ ಮಾತಲ್ಲ ಇದು ಎಂದು ಆಡಿದ ಮೇಲೆ ಅನ್ನಿಸಿತು.

ಆದರೂ ಒಂದು ಆಸೆ. ಮಳೆಗಾಲದಲ್ಲಿ ತನ್ನ ಅಟ್ಟ ತಂಪು ಹಿಡಿಯುತ್ತದೆ, ಅದಕ್ಕೇ ಹೀಗಾಗಿರಬೇಕು. ಉಳಿದವರ ಮನೆಯಲ್ಲಿ ಇರುವುದಕ್ಕೆ ಏನೂ ಆಗಿರಲಿಕ್ಕಿಲ್ಲ. ಅಲ್ಲಿ ಹದಿನಾರು ಇವೆಯಲ್ಲ, ಅರ್ಧಕ್ಕಿಂತ ಹೆಚ್ಚೇ ಆಯಿತು. ಆಗಿದ್ದರೆ? ಆಗಿರಲಿಕ್ಕಿಲ್ಲ. ಆದರೆ ಅವಕ್ಕೂ ಇದೇ ಗಂಜಿ, ಇದೇ ಕುಂಚ. ಅಲ್ಲದೆ ತಿಂಗಳಿಗೊಮ್ಮೆ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ, ಖಣದೊಳಗೆ ಬೆಚ್ಚಗೆ ಕೂತು ಹುಳಗಳೂ ಬಸ್ಸಿನಲ್ಲಿ ತಿರುಗಾಡಿರಬೇಕು. ರಾತ್ರಿಯೆಲ್ಲ ಹೀಗೇ ಲೆಕ್ಕ ಹಾಕಿ ಬೆಳಿಗ್ಗೆ ಹುನಗುಂದದ ಬಸ್ಸು ಹತ್ತಿದ.

ಫಕ್ರುಸಾಬ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ.

"ಏನ್ಲೇ ಅಮಾತ್ಯಾ, ರವಿವಾರಕ್ಕ ಇನ್ನೂ ಎರಡ ದಿನ ಐತಿ. ಹೆಂಡ್ತಿ ಹೊರಗ ಹಾಕಿದ್ಳೇನ?"

"ನಿನ್ನ ಕಡೆ ಇರೂ ಕಲ್ಲಪ್ಪನ್ನ ತಗೀಲೇ ಒಮ್ಮೆ."

ಅವನ ಮೋರೆ ನೋಡಿ ಫಕ್ರುಸಾಬ ಟ್ಯೂಬು ಕೆಳಗಿಟ್ಟ. ಒಳಗಿನಿಂದ ಬಿಸ್ಕೀಟಿನ ದೊಡ್ಡ ಡಬ್ಬಿ ತಂದು, ಗ್ರೀಸು ಕೈ ಅಂಗಿಗೆ ಒರೆಸಿಕೊಂಡು ಮೊದಲನೆಯದನ್ನು ಬಿಚ್ಚಿದ. ಮುಖಪುಟ ಇಡಿಯಾಗಿತ್ತು. ಕಲ್ಲಪ್ಪ ಕಂದೀಲು ಎತ್ತಿ ಹಿಡಿದಿದ್ದ, ಮೀಸೆ ಸಹ ಮೊದಲಿನಂತೆಯೇ ಇತ್ತು. ಅಮಾತೆಪ್ಪನಿಗೆ ಉಸಿರು ಬಂತು. ಫಕ್ರುಸಾಬ ಹಾಳೆ ತಿರುವಿದ. ಒಳಗಿನದೆಲ್ಲ ಜರಡಿ. ಹುಳ ಗಂಜಿಯ ದಾರಿ ಹಿಡಿದೇ ನಡೆದಿತ್ತು. ಎಲ್ಲೆಲ್ಲಿ ಕುಂಚ ಎಳೆದಿದ್ದನೋ ಅಲ್ಲೆಲ್ಲ, ಅಲ್ಲಿಂದ ಪಕ್ಕದ ಚಿತ್ರಕ್ಕೆ, ಅಲ್ಲಿಂದ ಮಾತಿಗೆ. ಡಬ್ಬಿಯಲ್ಲಿದ್ದ ಏಳೂ ಅಷ್ಟೇ.

ಫಕ್ರುಸಾಬ ಏಳನ್ನೂ ಮತ್ತೆ ಖಣದಲ್ಲಿ ಸುತ್ತಿ ಡಬ್ಬಿಗೆ ಹಾಕಿದ. "ನಾ ಪಂಚರಿಗೆ ಸೊಲ್ಯೂಶನ್ ಹಚ್ಚತೇನಿ," ಎಂದ. "ಗಂಜಿ ಹಚ್ಚಂಗಿಲ್ಲ."

ನಗುತ್ತಾನೇನೋ ಎಂದು ಅಮಾತೆಪ್ಪ ಕಾದ. ನಗಲಿಲ್ಲ. ಟ್ಯೂಬು ಮತ್ತೆ ನೀರಿಗೆ ಹೋಯಿತು.

ಬಸ್ ಸ್ಟ್ಯಾಂಡಿನಿಂದ ಶೀಲಾ ಅಕ್ಕೋರಿಗೆ ಫೋನು ಹಚ್ಚಿದ. "ಅಕ್ಕೋರ, ನಿಮ್ಮ ಪುಸ್ತಕ ಒಮ್ಮೆ ಬಿಚ್ಚಿ ನೋಡ್ರಿ."

"ಯಾಕ್ರಿ, ಏನಾತು?"

"ನೋಡ್ರಲ್ಲ ಒಮ್ಮೆ."

ನೋಡಿ ಫೋನು ಮಾಡುತ್ತೇನೆ ಎಂದರು. ಇಳಕಲ್ ಮುಟ್ಟುವವರೆಗೂ ಮೊಬೈಲನ್ನು ಅಂಗೈಯಲ್ಲೇ ಹಿಡಿದುಕೊಂಡಿದ್ದ. ಸಂಜೆಯಾದರೂ ಅವರ ಫೋನು ಬರಲಿಲ್ಲ. ಇನ್ನು ಕೇಳುವುದೇನಿತ್ತು?

ರವಿವಾರ ಬಾದಾಮಿಯ ಪಾಳಿ. ಹೋಗುವುದೇ ಬೇಡ ಅಂದುಕೊಂಡಿದ್ದ. ಹೋಗದಿದ್ದರೆ ಓಡಿಹೋದ ಎನ್ನುತ್ತಾರೆ. ಹೋದ, ಬರಿಗೈಯಲ್ಲಿ. ತಿಮ್ಮಣ್ಣನ ಮನೆಯ ಪಡಸಾಲೆಯಲ್ಲಿ ಫಕ್ರುಸಾಬ, ಅಕ್ಕೋರು ಮೊದಲೇ ಕೂತಿದ್ದರು. ಅವರ ಮುಂದೆಯೂ ಖಣದ ಗಂಟು ಇರಲಿಲ್ಲ. ಅಮಾತೆಪ್ಪ ಹೊಸ್ತಿಲ ಹತ್ತಿರವೇ ಕೂತ.

"ಅಮಾತೆಪ್ಪನ ಸಪ್ಪಳ ಅದು," ಎಂದರು ತಿಮ್ಮಣ್ಣ, ಸದ್ದು ಬಂದ ಕಡೆ ಮುಖ ತಿರುಗಿಸಿ. "ಒಳಗ ಬಾರೋ. ಸೊಸಿ ನನ್ನ ಕಡೆ ಇದ್ದ ನಾಕೂ ನೋಡ್ಯಾಳ. ಅವೂ ಹೋಗ್ಯಾವ."

"ಕಾಕಾ, ನನ್ನ ತಪ್ಪು..."

"ಅದನ್ನ ಬಿಡು." ಅವರು ಅಕ್ಕೋರ ಕಡೆ ಕೈ ಚಾಚಿದರು. "ಕಪಾಟಿನ ಕೆಳಗಿನ ಖಾನೇದಾಗ, ಪಿಂಚಣಿ ಕಾಗದದ ಬುಡಕ್ಕ ಒಂದ ಲಕೋಟಿ ಐತಿ. ತಗೀರಿ ಅಕ್ಕೋರ."

ಲಕೋಟೆಯೊಳಗೆ ಹತ್ತೊಂಬತ್ತನೆಯ ಸಂಚಿಕೆ ಇತ್ತು. ನಾಲ್ವರಲ್ಲಿ ಯಾರ ಹತ್ತಿರವೂ ಇಲ್ಲವೆಂದು ಎಂಟು ವರ್ಷದಿಂದ ಹುಡುಕುತ್ತಿದ್ದ ಸಂಚಿಕೆ.

"ಕಾಕಾ!" ಫಕ್ರುಸಾಬ ಎದ್ದೇ ನಿಂತ. "ಇದರ ಸಲುವಾಗಿ ನಾ ಗದುಗಿನ ರದ್ದಿ ಅಂಗಡಿ ಎಲ್ಲಾ ಧೂಳ ಜಾಡಿಸಿ ಬಂದೇನಲ್ರೀ! ನೀವೂ ಜೋಡಿ ಬಂದಿದ್ರಿ!"

"ಬಂದಿದ್ದೆ." ತಿಮ್ಮಣ್ಣ ತಲೆ ತಗ್ಗಿಸಿದರು. "ಹೇಳಿದ್ರ ಪಾಳಿಗೆ ಬಿಡಬೇಕಾಕ್ಕಿತ್ತು. ಒಂದಾದ್ರೂ ನನ್ನ ಮನ್ಯಾಗ ಇರ್ಲಿ ಅನಿಸ್ತಪಾ. ಕಳ್ಳತನ ಅಂದ್ರ ಅನ್ರಿ."

ಫಕ್ರುಸಾಬ ಮತ್ತೆ ಕೂತ. ಮೂವತ್ತನ್ನು ನಾಲ್ವರೂ ನಿಯತ್ತಿನಿಂದ ಹಂಚಿಕೊಂಡಿದ್ದರು. ಮುಚ್ಚಿಟ್ಟದ್ದು ಮಾತ್ರ ಉಳಿದಿತ್ತು.

ಪುಸ್ತಕ ನಡುವೆ ಬಿಟ್ಟುಹೋಗಿತ್ತು, ಮಡಿಕೆಯ ಮೇಲೆ ಎರಡು ಹಾಳೆ ಜೋತಾಡುತ್ತಿದ್ದವು. ಅಮಾತೆಪ್ಪನಿಗೆ ತಿಳಿಯದೆಯೇ ಕೈ ಮುಂದೆ ಹೋಯಿತು. "ಮೈಲುತುತ್ತ ಹಾಕಿ ಒಂದೀಟ..."

ಅಕ್ಕೋರು ಪುಸ್ತಕವನ್ನು ಎದೆಗೆ ಒತ್ತಿಕೊಂಡರು. "ಬ್ಯಾಡ್ರಿ ಅಮಾತೆಪ್ಪನವರ." ಕಠಿಣವಾಗಿ ಹೇಳಲಿಲ್ಲ, ಮೂರನೆಯ ಇಯತ್ತೆಯ ಹುಡುಗನಿಗೆ ಹೇಳಿದಂತೆ ಮೆತ್ತಗೆ ಹೇಳಿದರು. ಅದೇ ಅವನಿಗೆ ತಡೆಯದಾಯಿತು. "ಅಣ್ಣಗೂ ಬರೂದು ಬ್ಯಾಡ ಅಂತ ಹೇಳೇನಿ. ಇದೊಂದರ ಸಲುವಾಗಿ ಮಷಿನ್ ಹೊತಗೊಂಡು ಯಾರ ಬರ್ತಾರ?"

"ಓದಿ ಹೇಳ್ರಿ ಹಂಗಾರ," ಎಂದರು ತಿಮ್ಮಣ್ಣ. "ನಾ ಓದಿ ವರ್ಷ ಆಗಾಕ ಬಂತು."

ಅಕ್ಕೋರು ಓದತೊಡಗಿದರು. ಪ್ರತಿ ಚಿತ್ರಕ್ಕೂ ತಿಮ್ಮಣ್ಣ ತಡೆದು ಕೇಳುತ್ತಿದ್ದರು: ಕಲ್ಲಪ್ಪ ಎಲ್ಲಿ ನಿಂತಾನ? ಕಂದೀಲ ಯಾವ ಕೈಯಾಗೈತಿ? ಮಳಿ ಬರಾಕತ್ತೈತೇನು? ಅಕ್ಕೋರು ಹೇಳುತ್ತಿದ್ದರು. ಫಕ್ರುಸಾಬ ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. ಅಮಾತೆಪ್ಪ ಕೂತಲ್ಲಿಂದ ಪುಸ್ತಕದ ಬೆನ್ನು ಮಾತ್ರ ಕಾಣುತ್ತಿತ್ತು. ಸನಿಹ ಬಾ ಎಂದು ಯಾರೂ ಕರೆಯಲಿಲ್ಲ, ಸರಿಯಲು ಅವನಿಗೂ ಧೈರ್ಯವಾಗಲಿಲ್ಲ. ಹನ್ನೊಂದು ವರ್ಷದವನಿದ್ದಾಗ ಈ ಸಂಚಿಕೆ ಇಳಕಲ್ಲಿಗೆ ಬಂದಿರಲೇ ಇಲ್ಲ. ಅವನು ಒಮ್ಮೆಯೂ ನೋಡದ ಕಲ್ಲಪ್ಪ ಇದು.

ನಡುವಿನ ಹಾಳೆ ತಿರುವುವಾಗ ಅಂಗೈಯಗಲದ ಚೂರೊಂದು ಕಳಚಿ ಅವನ ಮೊಳಕಾಲಿನ ಬಳಿ ಬಿತ್ತು. ಅಮಾತೆಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ. ಫಕ್ರುಸಾಬ ಬಂದು ಎರಡು ಬೆರಳಲ್ಲಿ ಎತ್ತಿಕೊಂಡು ಹೋದ.

ಕಥೆ ಮುಗಿಯಿತು. ಸೊಸೆ ಚಹಾ ತಂದಿಟ್ಟಳು, ಕುಡಿದರು. ಏಳುವ ಮೊದಲು ಮುಂದಿನ ಪಾಳಿ ಯಾರದು ಎಂದು ಕೇಳುವುದು ರೂಢಿ, ಮುಂದಿನದು ಇಳಕಲ್ಲಿನದು. ಅಮಾತೆಪ್ಪ ಬಸಿಯಲ್ಲಿ ಉಳಿದ ಒಂದು ಗುಟುಕನ್ನು ಕುಡಿಯದೆ ಹಿಡಿದುಕೊಂಡು ಕಾದ. ಅಕ್ಕೋರು ಪುಸ್ತಕವನ್ನೂ ಚೂರನ್ನೂ ಲಕೋಟೆಗೆ ಹಾಕಿ, ಖಾನೆಯಲ್ಲಿಟ್ಟು, ಕಪಾಟು ಮುಚ್ಚಿದರು. ಫಕ್ರುಸಾಬ ಚಪ್ಪಲಿ ಮೆಟ್ಟಿದ.

ಬಾಗಲಕೋಟೆಯ ಬಸ್ಸಿಗೆ ಮೂವರೂ ಒಟ್ಟಿಗೇ ಹತ್ತಿದರು. ಖಾಲಿ ಬಸ್ಸು. ಅಕ್ಕೋರು ಮುಂದೆ ಹೆಂಗಸರ ಸೀಟಿಗೆ ಹೋದರು, ಫಕ್ರುಸಾಬ ನಡುವೆ ಕಿಟಕಿ ಹಿಡಿದ. ಅವನ ಪಕ್ಕದಲ್ಲಿ ಜಾಗವಿತ್ತು. ಅಮಾತೆಪ್ಪ ಅದನ್ನು ದಾಟಿ ಹಿಂದಿನ ಸೀಟಿಗೆ ಹೋಗಿ ಕೂತ.