ತೋಡನ್ನು ದಾರಿ ಎಂದು ಬರೆದವನು

ಮಧುಗಿರಿಯ ನಮ್ಮ ಮನೆಯ ಜಗಲಿಯಲ್ಲಿ ಬಿತ್ತನೆಗೆಂದು ಕಡಲೆಕಾಯಿ ಬಿಡಿಸುತ್ತ ಕೂತಿದ್ದೆ. ಹಳೆಯ ಆಫೀಸಿನ ಗೆಳೆಯನೊಬ್ಬ ಮೊಬೈಲಿಗೆ ವಿಡಿಯೊ ಕಳಿಸಿದ. ಕರಾವಳಿಯ ದೊಡ್ಡ ನಗರದ ಒಂದು ಓಣಿ, ಸೊಂಟದೆತ್ತರದ ಕೆಂಪು ನೀರು, ತೇಲಿಹೋಗುತ್ತಿರುವ ಗ್ಯಾಸ್ ಸಿಲಿಂಡರು. ನೀರಿನ ಮೇಲೆ ಕಾಣುತ್ತಿದ್ದ ರಸ್ತೆಯ ಹಲಗೆ ಓದಿದೆ. ಆ ರಸ್ತೆಯನ್ನು ಹುಟ್ಟಿಸಿದವನು ನಾನು.

“ಯಾಕ್ರೀ, ಇಂಗ್ ಕುಂತ್ಬುಟ್ರಿ?” ಎಂದಳು ಹೆಂಡತಿ. ಮೊಬೈಲನ್ನು ಅವಳ ಕಡೆ ತಿರುಗಿಸಿದೆ.

ನಿಮಗೆ ಹೇಳಿಬಿಡುತ್ತೇನೆ. ಆ ನಗರದ ಹೆಸರು ಮಾತ್ರ ಬೇಡ. ತಪ್ಪು ನನ್ನದು, ಊರಿಗೇಕೆ ಕೆಟ್ಟ ಹೆಸರು? ಹರೆಯದಲ್ಲಿ ಅಲ್ಲಿನ ನಗರಸಭೆಗೆ ಗುಮಾಸ್ತನಾಗಿ ಸೇರಿದೆ. ನಗರವೆಂದರೆ ಅದು ಒಂದೇ ಊರಲ್ಲ, ಸುತ್ತಲಿನ ಹಳ್ಳಿಗಳನ್ನು ಒಂದೊಂದಾಗಿ ನುಂಗಿ ದಪ್ಪಗಾದದ್ದು. ಗದ್ದೆಯಿದ್ದ ತಗ್ಗಿಗೆ ಬೈಲು, ಎತ್ತರದ ಬಯಲಿಗೆ ಪದವು, ಹೊಳೆಯ ನಡುವಿನ ನೆಲಕ್ಕೆ ಕುದ್ರು. ಬಡಾವಣೆಗಳ ಹೆಸರಿನಲ್ಲೇ ನೆಲದ ಗುಣ ಇರುತ್ತಿತ್ತು. ಇವನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಬಂದು ತಿಂಗಳಾಗುವಷ್ಟರಲ್ಲೇ ನಾನೇ ಆ ಊರಿನ ಹಿರಿಯ ಅನ್ನುವ ಹಾಗೆ ಓಡಾಡುತ್ತಿದ್ದೆ.

ಹೊಸದಾಗಿ ನಗರಕ್ಕೆ ಸೇರಿದ ಒಂದು ಹಳ್ಳಿಯ ದಾರಿ, ಬಾವಿ, ಮನೆಗಳನ್ನು ಪಟ್ಟಿ ಮಾಡಲು ನನ್ನನ್ನು ಕಳಿಸಿದರು. ಟೇಪು ಹಿಡಿಯಲು ಜೊತೆಗೆ ಬಂದವನು ಜವಾನ ರಂಗಪ್ಪ, ನಮ್ಮದೇ ಬಯಲುಸೀಮೆಯ ಶಿರಾ ಕಡೆಯವನು. ಆಗ ಬೇಸಿಗೆ. ತೋಟಗಳ ನಡುವೆ ತಗ್ಗಾಗಿ, ಅಗಲವಾಗಿ, ಮರಳು ಹಾಸಿದ ಒಂದು ಜಾಗ ಸಿಕ್ಕಿತು. ಜನ ಅದರಲ್ಲೇ ನಡೆದುಹೋಗುತ್ತಿದ್ದರು. ‘ಕಾಲುದಾರಿ’ ಎಂದು ಬರೆದುಕೊಂಡೆ. ಬೇಲಿಯಾಚೆಯಿಂದ ಅಜ್ಜಿಯೊಬ್ಬರು ಕೂಗಿದರು: “ಅದು ದಾರಿಯಲ್ಲ ಮಾರಾಯ್ರೆ, ತೋಡು. ಮಳೆಗಾಲದಲ್ಲಿ ನೀರು ಹೋಗ್ಲಿಕ್ಕೆ ಉಂಟು.”

ನಾವಿಬ್ಬರೂ ನಕ್ಕೆವು. “ನೀರಂತೆ ಸಾ! ಇಂಥದ್ರಾಗೆ ನಮ್ ಕಡೆ ಗಾಡಿ ಹೊಡ್ಕಂಡು ಓಗ್ತೀವಿ” ಎಂದ ರಂಗಪ್ಪ. ನಾನಾದರೂ ಮಧುಗಿರಿ ಸೀಮೆಯ ಮಿಡಿಗೇಶಿ ಹತ್ತಿರದವನು. ಹಳ್ಳದೊಳಗೇ ಶಾಲೆಗೆ ನಡೆದವನು, ಹಳ್ಳದೊಳಗೇ ಗೋಲಿ ಆಡಿದವನು. ನಮ್ಮಲ್ಲಿ ಹಳ್ಳಕ್ಕೆ ನೀರು ಬರುವುದು ಯಾವಾಗಲೋ ಒಮ್ಮೆ. ಬಂದರೆ ಊರಿಗೆ ಊರೇ ನೋಡಲು ಹೋಗುತ್ತಿತ್ತು. ಉಳಿದಂತೆ ಅದು ದಾರಿಯೇ. ಬರೆದದ್ದನ್ನು ಹೊಡೆದುಹಾಕಲಿಲ್ಲ. ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡೋಣ ಅಂತಲೂ ಅನ್ನಿಸಲಿಲ್ಲ.

ಮುಂದೆ ಆ ಕಾಲುದಾರಿಗೆ ಮಣ್ಣು ಬಿತ್ತು, ಡಾಂಬರು ಬಿತ್ತು, ಹೆಸರೂ ಬಂತು. ರಂಗಪ್ಪ ಅಲ್ಲೇ ಸೈಟು ಹಿಡಿದ. “ನೀವೇ ಬರ್ದಿರೋ ದಾರಿ, ಇನ್ನೇನ್ ಭಯ ಸಾ?” ಎಂದ. ಗೃಹಪ್ರವೇಶದಲ್ಲಿ ಒಬ್ಬಟ್ಟು ತಿಂದು, ಜಾಗ ಚೆನ್ನಾಗಿದೆ ಎಂದು ಬೆನ್ನು ತಟ್ಟಿದೆ. ಆ ವರ್ಷ ಮಳೆ ಹಿಡಿಯುವ ಮೊದಲೇ ನನಗೆ ಮಧುಗಿರಿಗೆ ವರ್ಗವಾಯಿತು.

ಆಮೇಲೆ ಪ್ರತಿ ಮಳೆಗಾಲದಲ್ಲೂ ಅವನಿಗೆ ಫೋನು ಮಾಡುತ್ತಿದ್ದೆ. ಇಲ್ಲಿ ಧೂಳು ಹಾರುತ್ತಿರುವಾಗ ಅಲ್ಲಿ ಸುರಿಯುವ ಸದ್ದು ಕೇಳಿ ನನಗೆ ಹೊಟ್ಟೆಕಿಚ್ಚು. “ಪುಣ್ಯವಂತ ಕಣಯ್ಯ ನೀನು” ಎನ್ನುತ್ತಿದ್ದೆ. ಅವನು ನಕ್ಕು ಸುಮ್ಮನಾಗುತ್ತಿದ್ದ.

ವಿಡಿಯೊ ನಿಲ್ಲಿಸಿ ರಂಗಪ್ಪನಿಗೆ ಫೋನು ಮಾಡಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಆ ಹೊತ್ತಿನಲ್ಲಿ ಏನೇನು ಯೋಚನೆ ಬಂತೋ, ಬರೆಯಲಾರೆ. ಮೂರನೆಯ ಸಲಕ್ಕೆ ಅವನ ಹೆಂಡತಿ ಜಯಮ್ಮ ಎತ್ತಿದಳು. ಗಂಡ ಹೆಂಡತಿ ಇಬ್ಬರೂ ಹತ್ತಿರದ ಶಾಲೆಯ ಮಹಡಿಯಲ್ಲಿ ಕ್ಷೇಮವಾಗಿದ್ದರು.

“ಇಷ್ಟ್ ನೀರು ಹಿಂದೆ ಯಾವಾಗ್ಲಾದ್ರೂ ಬಂದಿತ್ತೇನಮ್ಮ?”

“ಇಷ್ಟ್ ಬಂದಿರ್ಲಿಲ್ಲ ಕಣಣ್ಣ. ಮಂಡಿಗಂಟ ಅಂತೂ ವರ್ಸವರ್ಸ್ವೂ ಬತ್ತದೆ. ಮನೆಗ್ ಬಂದ್ ಮೊದಲ್ನೇ ಮಳೆಗೇ ಬಂತು.”

“ಒಂದ್ ದಿನಾನೂ ನಂಗೆ ಹೇಳ್ಲಿಲ್ಲವಲ್ಲಮ್ಮ!”

“ನಿಮ್ ಫೋನ್ ಬಂದಾಗ್ಲೆಲ್ಲ ಮಂಚದ್ ಮ್ಯಾಗ್ ಕುಂತಿರ್ತಿದ್ವಿ. ಹೇಳ್ಬ್ಯಾಡ ಕಣೆ, ಅವ್ರು ನೊಂದ್ಕಂಡ್ಬುಡ್ತಾರೆ ಅಂತಿದ್ರು ಇವ್ರು.”

ಇಷ್ಟು ವರ್ಷ ಅವನು ನಕ್ಕದ್ದು ಮಂಡಿಯೆತ್ತರದ ನೀರಿನ ನಡುವೆ ಕೂತು. ಅಂಥವನನ್ನು ನಾನು ಪುಣ್ಯವಂತ ಎಂದಿದ್ದೆ! ನಾಚಿಕೆಯಿಂದ ಭೂಮಿಗಿಳಿದುಹೋದೆ.

ಅಷ್ಟರಲ್ಲಿ ರಂಗಪ್ಪನೇ ಫೋನು ತೆಗೆದುಕೊಂಡ. “ಸಾ, ನಮ್ ಕಡೆ ಮಳೆ ಬಂತಾ?” ಎಂದ.

ಮಳೆಯ ಮಾತು ಬಿಟ್ಟು ಹೇಳಿದೆ: “ಅದು ದಾರಿ ಅಲ್ಲ ಕಣಯ್ಯ, ತೋಡು. ತಪ್ಪು ಬರ್ದೋನು ನಾನು. ನಾಳೆನೇ ಬರ್ತೀನಿ. ಆಫೀಸಿಗೆ ಹಂಗಂತ ನನ್ ಕೈಯಾರೆ ಬರ್ದು ಕೊಡ್ತೀನಿ.”

ಆ ಕಡೆ ಮಳೆ ಸುರಿಯುವುದು ಕೇಳುತ್ತಿತ್ತು. ಜೀವನದಲ್ಲಿ ಮೊದಲ ಸಲ ಮಳೆಯ ಸದ್ದಿಗೆ ಹೆದರಿದೆ.

“ಬನ್ನಿ ಸಾ” ಎಂದ ರಂಗಪ್ಪ. “ಈ ಸಲನಾದ್ರೂ ಮಳೆಗಾಲ್ದಾಗೆ ನೋಡೀರಂತೆ.”