ಬಾಯಿ ಮುಚ್ಚಿಸಿದ ಹುಷಾರ್

ಗೋಣಿಚೀಲದ ಬಾಯಿ ಹೊಲಿಯುವ ದಬ್ಬಣ ಗೊತ್ತಲ್ಲ, ಅಂಥದೊಂದು ಆಪಾ ಅವರ ಬಲಗೈಯಲ್ಲಿ ಸದಾ ಇರುತ್ತಿತ್ತು. ತುದಿ ಸವೆದು ಮೊಂಡಾಗಿತ್ತು, ಹಿಡಿಯುವ ಕಡೆ ಕೆಂಪು ದಾರ ಸುತ್ತಿದ್ದರು. ಪ್ರಿಂಟರಿನಿಂದ ಬಂದ ಉದ್ದನೆಯ ಕಾಗದವನ್ನು ಮೇಜಿನ ಮೇಲೆ ಹರಡಿಕೊಂಡು, ಕಂಪೈಲರ್ ತೆಗೆದ ತಕರಾರುಗಳನ್ನು ಒಂದೊಂದಾಗಿ ಬಗೆಹರಿಸಿ, ಸರಿಯಾದ ಸಾಲಿಗೆ ದಬ್ಬಣದಿಂದ ಒಂದು ತೂತು ಹಾಕುತ್ತಿದ್ದರು. ಕೆಲಸ ಮುಗಿದ ಮೇಲೆ ಕಾಗದವನ್ನು ಕಿಟಕಿಗೆ ಹಿಡಿದು ನೋಡುವರು. ಎಲ್ಲ ಸಾಲಿನಿಂದಲೂ ಬೆಳಕು ಬಂದರೆ ಮಾತ್ರ ಬುರ್ಖಾ ಹಾಕಿಕೊಂಡು ಬಸ್ಸಿಗೆ ಹೊರಡುವರು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಸಿಂಧನೂರಿನಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದ ಸಂಸ್ಥೆಗೆ ಕಂಪ್ಯೂಟರ್ ಬಂದವು, ಅವುಗಳ ಹಿಂದೆಯೇ ಆಪಾ ಬಂದರು; ಅಕ್ಕ ಎಂಬರ್ಥದಲ್ಲಿ ನಾವೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದೆವು. ಹೈದರಾಬಾದಿನ ಕಂಪನಿಯೊಂದರಲ್ಲಿ ಕಂಪ್ಯೂಟರಿನ ಡ್ರೈವರ್ ಪ್ರೋಗ್ರಾಮುಗಳನ್ನು ಬರೆಯುತ್ತಿದ್ದವರು, ತಂದೆ ತೀರಿಕೊಂಡ ಮೇಲೆ ತಾಯಿಯನ್ನೂ ತಮ್ಮನನ್ನೂ ನೋಡಿಕೊಳ್ಳಲು ಲಿಂಗಸುಗೂರಿಗೆ ಮರಳಿದ್ದರು. ಬೆಳಿಗ್ಗೆ ಅವರು ಲಿಂಗಸುಗೂರಿನಲ್ಲಿ ಬಸ್ ಹತ್ತಿ, ಪಕ್ಕದ ಸೀಟಿನ ಮೇಲೆ ಚೀಲವಿಟ್ಟು ನನಗೆ ಜಾಗ ಹಿಡಿದಿರುತ್ತಿದ್ದರು. ನಾನು ಹತ್ತುತ್ತಿದ್ದದ್ದು ಮಸ್ಕಿಯಲ್ಲಿ. ವಯಸ್ಸಿನಲ್ಲಿ ನಾನು ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ನನ್ನ ಬಾಯಿಯನ್ನು ಸಹಿಸಿಕೊಂಡವರು ಬಹಳ ಮಂದಿಯಿಲ್ಲ. ಆಪಾ ಸಹಿಸಿಕೊಂಡರು.

ಅವರ ಕೆಲಸ ಏನೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ದಿನ ನಾನೇ ಕಂಡಕ್ಟರನಿಗೆ, "ಇವರು ಡ್ರೈವರ್ ರಿಪೇರಿ ಮಾಡ್ತಾರ" ಎಂದುಬಿಟ್ಟೆ. ಅವನು ಮುಂದಿನ ಸೀಟಿನ ಕಡೆ ಕೈ ತೋರಿಸಿ, "ಹಂಗಾದ್ರ ನಮ್ಮ ಡ್ರೈವರ್‌ನೂ ಒಂದೀಟು ರಿಪೇರಿ ಮಾಡ್ರಿ ಆಪಾ, ಬ್ರೇಕ್ ಹಾಕಂದ್ರ ಹಾಡ ಹಾಡ್ತಾನ" ಎಂದ. ಬಸ್ಸೆಲ್ಲ ನಕ್ಕಿತು. ಆಪಾ ನಕ್ಕಿದ್ದು ನೆನಪಿನಲ್ಲಿ ಉಳಿದಿದೆ, ಏಕೆಂದರೆ ಆಮೇಲೆ ಅವರು ಹಾಗೆ ನಗುವುದನ್ನು ನಾನು ಕಾಣಲಿಲ್ಲ. ಡ್ರೈವರ್ ಎಂದರೆ ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುವ ಪ್ರೋಗ್ರಾಮು ಎಂದು ಅವತ್ತು ಮಸ್ಕಿಯಿಂದ ಸಿಂಧನೂರಿನವರೆಗೂ ನನಗೆ ಬಿಡಿಸಿ ಹೇಳಿದರು.

ಬರೆದ ಪ್ರೋಗ್ರಾಮನ್ನು ಕಂಪೈಲರ್ ಓದುತ್ತದೆ. ತಪ್ಪಿದ್ದರೆ ಎರರ್ ಎಂದು ಕೆಲಸವನ್ನೇ ನಿಲ್ಲಿಸುತ್ತದೆ. ಬರೀ ಅನುಮಾನವಿದ್ದರೆ ವಾರ್ನಿಂಗ್ ಎಂದು ಹೇಳಿ ಮುಂದಕ್ಕೆ ಬಿಡುತ್ತದೆ. ಈ ವಾರ್ನಿಂಗಿಗೆ ಆಪಾ 'ಹುಷಾರ್' ಎನ್ನುತ್ತಿದ್ದರು. "ಇನ್ನ ಎಷ್ಟು ಹುಷಾರ್ ಉಳದಾವ?" ಎಂದು ವಿದ್ಯಾರ್ಥಿಗಳನ್ನು ಕೇಳುವರು. ಒಂದೂ ಉಳಿಯದಿದ್ದಾಗ, "ಹುಷಾರಿಲ್ಲ!" ಎಂದು ಖುಷಿಯಿಂದ ಕೂಗುವರು.

"ಬೆಂಗಳೂರ ಕಡಿ ಮಂದಿ ಕೇಳಿದ್ರ ನಿಮಗ ಜ್ವರ ಬಂದಾವ ಅಂತ ತಿಳ್ಕೋತಾರ್ರಿ ಆಪಾ" ಎಂದು ನಾನು ಛೇಡಿಸುತ್ತಿದ್ದೆ.

ಆದರೆ ಆ ಮಾತಿಗೆ ಒಂದು ಕಟ್ಟುಪಾಡಿತ್ತು. ಒಮ್ಮೆ ವಳಕಮದಿನ್ನಿಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತಕರಾರಿದ್ದ ಜಾಗಕ್ಕೆ, ಗೊತ್ತಿದ್ದೇ ಹೀಗೆ ಬರೆದಿದ್ದೇನೆ ಎಂದು ಕಂಪೈಲರಿಗೆ ಸೂಚಿಸುವ ಒಂದು ಬ್ರ್ಯಾಕೆಟ್ ಹಾಕಿ, ಕಂಪೈಲರನ್ನು ಸುಮ್ಮನಾಗಿಸಿ, ಹುಷಾರಿಲ್ಲ ಎಂದು ಎದ್ದು ನಿಂತಳು. ಆಪಾ ಬಂದು ನೋಡಿ ಅವಳ ಎದುರಿಗೇ ಬ್ರ್ಯಾಕೆಟ್ ಅಳಿಸಿದರು. "ಹುಷಾರ್ ಅಂದವ್ರ ಬಾಯಿ ಮುಚ್ಚಸೋದು ಸುಲಭ ಐತಿ ಬೇ. ಯಾಕ ಅಂದ್ರು ಅಂತ ಕೇಳೋದು ಕಷ್ಟ. ಅದು ನಿನ್ನ ದುಷ್ಮನ್ ಅಲ್ಲ" ಎಂದರು. ಬಾಯಿ ಮುಚ್ಚಿಸಿದ ಸಾಲಿಗೆ ತೂತು ಹಾಕುವಂತಿಲ್ಲ. ಅದು ಅವರ ಕಾನೂನು.

ಸಿಂಧನೂರಿನ ಹೊರಗೆ ಭತ್ತ ಬೇಯಿಸುವ ರೈಸ್ ಮಿಲ್ಲೊಂದಿತ್ತು. ಮದುವೆಯಾಗಿ ಹತ್ತಿರದಲ್ಲೇ ಮನೆ ಮಾಡಿದ್ದ ಆಪಾ ಅವರ ತಮ್ಮ ಅಲ್ಲಿ ಬಾಯ್ಲರಿಗೆ ಹೊಟ್ಟು ಹಾಕುವ ಕೆಲಸದಲ್ಲಿದ್ದ. ಬಾಯ್ಲರಿನಲ್ಲಿ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ ಉಪ್ಪು ಕಟ್ಟಿ ಮಂಜಾಗಿತ್ತು. ಆಂಧ್ರ ವಲಸಿಗರ ಕ್ಯಾಂಪಿನವರಾದ ಮಿಲ್ಲಿನ ಸಾಹುಕಾರರು ಅದನ್ನು ಬದಲಿಸುವ ಬದಲು ಎಲ್ಲಿಂದಲೋ ಹಳೆಯ ಕಂಪ್ಯೂಟರ್ ತಂದು, ತಂತಿ ಎಳೆಸಿ, ನೀರಿನ ಮಟ್ಟ ಸ್ಕ್ರೀನಿನ ಮೇಲೆ ಕಾಣುವಂತೆ ಮಾಡಿಸಿದ್ದರು. ಬಂದವರಿಗೆಲ್ಲ ಅದನ್ನು ತೋರಿಸುವುದೇ ಅವರಿಗೊಂದು ಸಂಭ್ರಮ. ಕಂಪ್ಯೂಟರಿನ ಸಿಸ್ಟಮ್ ಬದಲಾದಾಗ ಡ್ರೈವರನ್ನು ಹೊಸದಾಗಿ ಕಂಪೈಲ್ ಮಾಡಬೇಕಾಯಿತು. ತಮ್ಮ, "ನಮ್ಮ ಆಪಾಗ ಬರ್ತೈತ್ರಿ" ಎಂದ. ಕೆಲಸ ಹಾಗೆ ಆಪಾ ಕೈಗೆ ಬಂತು.

ಪ್ರಿಂಟರು ಆ ದಿನ ಕಾಗದ ಉಗುಳಿದ್ದೇ ಉಗುಳಿದ್ದು. ಆಪಾ ಒಂದು ವಾರ ಕೂತು ಒಂದೊಂದನ್ನೇ ಸರಿಮಾಡಿದರು. ಕೊನೆಗೆ ಒಂದು ಹುಷಾರ್ ಉಳಿಯಿತು. ಅದನ್ನು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು.

"ತಂತಿ ಕಡಿದ್ರ ಸೊನ್ನಿಗಿಂತ ಕೆಳಗಿನ ಅಂಕಿ ಬರ್ತೈತಿ. ಅದು ಬಂದ್ರ ಗಂಟಿ ಬಾರಿಸು ಅಂತ ಬರದಾರ. ಆದ್ರ ಅಂಕಿ ಇಡೋ ಡಬ್ಬಿ ಎಂಥಾದ್ದು ಇಟ್ಟಾರ ನೋಡು, ಅದಕ್ಕ ಸೊನ್ನಿಗಿಂತ ಕೆಳಗ ಅನ್ನೋದ ಗೊತ್ತಿಲ್ಲ. ಕೆಳಗಿಂದು ಹಾಕಿದ್ರ ತಿರುಗಿ ಮ್ಯಾಲಿನ ತುದೀಗೆ ಹೋಗಿ ಕುಂದರ್ತೈತಿ. ತಂತಿ ಸತ್ರ ನೀರು ತುಂಬೇತಿ ಅಂತ ತೋರಸ್ತೈತಿ. ಗಂಟಿ ಎಂದೂ ಬಾರಸಂಗಿಲ್ಲ."

ಅದನ್ನೇ ಕಂಪೈಲರ್ ಹೇಳುತ್ತಿತ್ತು, ಈ ಪ್ರಶ್ನೆಗೆ ಹೌದು ಎಂಬ ಉತ್ತರ ಎಂದಿಗೂ ಬರುವುದಿಲ್ಲ ಎಂದು. ಆ ಡಬ್ಬಿಯನ್ನು ಡ್ರೈವರಿನ ಬೇರೆ ಜಾಗಗಳಲ್ಲೂ ಬಳಸಿದ್ದರು. ಬದಲಿಸಿದರೆ ಬಾಯ್ಲರ್ ಆರಿಸಿ, ತಂತಿ ಕಿತ್ತು, ಗಂಟೆ ಬಾರಿಸುತ್ತದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ಮಿಲ್ಲು ಒಂದು ದಿನ ನಿಲ್ಲಬೇಕು. ಅದು ಭತ್ತದ ಸುಗ್ಗಿ, ಗೇಟಿನ ಹೊರಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು.

ಸಾಹುಕಾರರು ನಮ್ಮ ಸಂಸ್ಥೆಗೇ ಬಂದರು. "ಎರರ್ ಅಲ್ಲ ಅಂತೀಯ. ಮತ್ತೆ ಯಾಕಮ್ಮಾ ನಿಲ್ಲಿಸೋದು? ಆ ವಾರ್ನಿಂಗ್ ಅನ್ನೋ ಮಾತು ನನ್ನ ಸ್ಕ್ರೀನ್ ಮೇಲೆ ಕಾಣಬಾರದು, ಅಷ್ಟೇ" ಎಂದರು. ಆಪಾ ಒಪ್ಪಲಿಲ್ಲ. ಅವರ ಹಟ ನೋಡಿ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಮರುದಿನ ತಮ್ಮ ಬಂದ. ತೆಳ್ಳಗಿನ ಹುಡುಗ, ಹುಬ್ಬಿನ ಮೇಲೆಲ್ಲ ಹೊಟ್ಟಿನ ಧೂಳು. ತಮ್ಮಿಬ್ಬರಲ್ಲೇ ದಖ್ಖನಿ ಉರ್ದು ಮಾತಾಡುತ್ತಿದ್ದವರು ನನ್ನ ಎದುರಿಗೆ ಕನ್ನಡಕ್ಕೆ ಹೊರಳುತ್ತಿದ್ದರು. "ನಿಮ್ಮಕ್ಕಗ ಹೇಳು, ಇಲ್ಲಂದ್ರ ನಾಳಿಂದ ನೀ ಬರಬ್ಯಾಡ ಅಂದಾರ ಸಾಹುಕಾರ್ರು, ಆಪಾ. ಮನ್ಯಾಗ ಆಕಿ ಬಸುರಿ ಅದಾಳ. ಸುಗ್ಗಿ ಮುಗೀಲಿ, ಆಮ್ಯಾಲ ಏನರ ಮಾಡುವಂತಿ" ಎಂದ. "ಸುಗ್ಗಿ ಮುಗಿದ ದಿನಾನ ನಿಲ್ಲಸ್ಬೇಕು, ನೆನಪಿಡು" ಎಂದರು ಆಪಾ. ಅವನು ತಲೆಯಾಡಿಸಿ ಸೈಕಲ್ ಹತ್ತಿ ಹೋದ.

ಆಪಾ ಕೀಲಿಮಣೆಯ ಮುಂದೆ ಕೂತು ಒಂದು ಬ್ರ್ಯಾಕೆಟ್ ಹಾಕಿದರು. ಕಂಪೈಲರ್ ಸುಮ್ಮನಾಯಿತು. ಹುಷಾರಿಲ್ಲ ಎಂದು ಅವರು ಕೂಗಲಿಲ್ಲ. ಆ ಸಾಲಿಗೆ ತೂತೂ ಹಾಕಲಿಲ್ಲ. ದಬ್ಬಣವನ್ನು ಚೀಲದೊಳಗೆ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗದೆ ಎದ್ದುಬಿಟ್ಟರು.

ಮಿಲ್ಲಿನಲ್ಲಿ ಹೆಗ್ಗಣಗಳಿಗೇನು ಬರವೇ? ಸುಗ್ಗಿ ಇನ್ನೂ ಮುಗಿದಿರಲಿಲ್ಲ, ಒಂದು ಹೆಗ್ಗಣ ತಂತಿ ಕಡಿಯಿತು. ಸ್ಕ್ರೀನ್ ನೀರು ತುಂಬಿದೆ ಎಂದು ತೋರಿಸಿತು. ಬಾಯ್ಲರ್ ಒಳಗೊಳಗೇ ಒಣಗುತ್ತಿತ್ತು. ತಮ್ಮ ಸ್ಕ್ರೀನ್ ನೋಡಿ ಹೊಟ್ಟು ಹಾಕುತ್ತ ಹೋದ. ಬಾಯ್ಲರ್ ಒಡೆದ ಸದ್ದಿಗೆ ನಮ್ಮ ಟೈಪಿಂಗ್ ಕೋಣೆಯ ಕಿಟಕಿಗಳು ಅದುರಿದವು. ಆಪಾ ಕುರ್ಚಿಯಿಂದ ಎದ್ದರು, ಮತ್ತೆ ಕೂತರು. ಯಾರೂ ಬಂದು ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು.

ರಾಯಚೂರಿನ ಆಸ್ಪತ್ರೆಯಲ್ಲಿ ಅವನ ಸುಟ್ಟ ಮೈಮೇಲೆ ಬಾಳೆಲೆ ಹೊದಿಸಿದ್ದರು. ನಾನು ಆಪಾ ಜೊತೆ ಇದ್ದೆ. ಪ್ರಜ್ಞೆ ಬಂದಾಗಲೆಲ್ಲ ಅವನದು ಒಂದೇ ಮಾತು. "ನೀರು ತುಂಬಿತ್ತು ಆಪಾ. ಖುದಾ ಕಸಮ್, ನಾ ನೋಡೀನಿ."

"ಹೌದು, ನೀ ನೋಡೀದಿ. ನೀ ನೋಡೀದಿ" ಎಂದು ಆಪಾ ಅವನ ಹಣೆಯ ಮೇಲೆ ಕೈಯಿಡಲು ಹೋಗಿ, ಇಡುವಂತಿಲ್ಲದೆ ಗಾಳಿಯಲ್ಲೇ ಹಿಡಿದಿದ್ದರು. ಬ್ರ್ಯಾಕೆಟ್ಟಿನ ವಿಷಯ ಹೇಳಲು ಬಾಯಿ ತೆರೆಯುವರು, ಅವನ ಕಣ್ಣು ಮುಚ್ಚಿಬಿಡುತ್ತಿತ್ತು. ಹೇಳುವ ಮೊದಲೇ ಅವನು ಹೋದ.

ವಿಚಾರಣೆಗೆ ಬಂದವರು ಒಡೆದ ಕಬ್ಬಿಣ ನೋಡಿದರು, ಸುಟ್ಟ ಗೋಡೆ ನೋಡಿದರು. ಕಂಪ್ಯೂಟರಿನ ಮೇಲೆ ಟವೆಲ್ ಹಾಕಿದ್ದರು, ಅದನ್ನು ಯಾರೂ ಎತ್ತಿ ನೋಡಲಿಲ್ಲ. ನೀರು ನೋಡದೆ ಬೆಂಕಿ ಹಾಕಿದ, ತಪ್ಪು ಅವನದೇ ಎಂದಾಯಿತು. ಆಪಾ ಸಾಹುಕಾರರ ಮನೆಗೆ ಹೋಗಿ, ತಪ್ಪು ತನ್ನದು, ಬರೆದುಕೊಡುತ್ತೇನೆ ಎಂದರು. ನಾನು ಬಾಗಿಲಲ್ಲಿ ನಿಂತಿದ್ದೆ. "ಸುಮ್ಮನಿರಮ್ಮಾ. ಹೋದ ಹುಡುಗ ಬರ್ತಾನಾ? ನಿನಗೂ ತೊಂದರೆ, ನನಗೂ ತೊಂದರೆ" ಎಂದರು ಸಾಹುಕಾರರು. ಮುಂದೆ ಆಪಾ ಎಲ್ಲೆಲ್ಲಿ ಹೇಳಲು ಹೋದರೋ ಅಲ್ಲೆಲ್ಲ ಅದೇ ಮಾತು, ಸುಮ್ಮನಿರಿ, ಸುಮ್ಮನಿರಿ. ನನಗೆ ಬಂದ ಸಿಟ್ಟು ಇಷ್ಟು ವರ್ಷವಾದರೂ ಆರಿಲ್ಲ.

ನಲವತ್ತನೆಯ ದಿನದ ಫಾತಿಹಾ ಮುಗಿಸಿ ಆಪಾ ಮತ್ತೆ ಕಲಿಸಲು ಬಂದರು. ಹೊಸ ಬ್ಯಾಚ್ ಬಂದಾಗಲೆಲ್ಲ ಮೊದಲ ದಿನವೇ ಕರಿಹಲಗೆಯ ಮೇಲೆ ಆ ಸಾಲನ್ನು ಬ್ರ್ಯಾಕೆಟ್ ಸಮೇತ ಬರೆದು, ಹಲಗೆಯ ಕಡೆ ತಿರುಗಿಯೇ ಹೇಳುವರು: "ನನ್ನ ತಮ್ಮ ನೀರು ನೋಡಿದ್ದ. ಸ್ಕ್ರೀನ್ ಸುಳ್ಳು ಹೇಳ್ತು. ಸುಳ್ಳು ಹೇಳಿಸಿದಾಕಿ ನಾನು." ಆಮೇಲೆ ಪಾಠ ಶುರು. ಬೇಡ ಆಪಾ, ಬಿಟ್ಟುಬಿಡಿ ಎಂದು ನಾನೂ ಒಮ್ಮೆ ಅಂದೆ. "ನೀನೂ ಸುಮ್ನಿರು ಅಂತೀಯೇನು?" ಎಂದು ನನ್ನ ಮುಖ ನೋಡಿದರು. ಮತ್ತೆ ನಾನು ಆ ಮಾತೆತ್ತಲಿಲ್ಲ. ತಮ್ಮನ ಹೆಂಡತಿಗೂ ಅವಳ ಮಗಳಿಗೂ ಅನ್ನ ಹಾಕಿದವರು ಅವರೇ. ಆ ಮಗು ಮಾತು ಕಲಿತಾಗ ಅದಕ್ಕೂ ಅದನ್ನೇ ಹೇಳಿದರು, ನಿಮ್ಮಪ್ಪ ನೀರು ನೋಡಿದ್ದ ಎಂದು.

ದಶಕ ಮುಗಿಯುವ ಹೊತ್ತಿಗೆ ಆಪಾ ಅವರಿಗೆ ಕಾಮಾಲೆ ಹಿಡಿಯಿತು. ನಾನು ಲಿಂಗಸುಗೂರಿಗೆ ಹೋಗುವಷ್ಟರಲ್ಲಿ ಅವರು ತೀರಿಕೊಂಡು, ಮಯ್ಯತ್ ಮನೆಯಿಂದ ಹೊರಡುವುದರಲ್ಲಿತ್ತು. ಒಳಗಿನ ಕೋಣೆಯಲ್ಲಿ ಹೆಂಗಸರ ನಡುವೆ ಕೂತೆ. ಗೂಟಕ್ಕೆ ಅವರ ಚೀಲ ನೇತುಹಾಕಿದ್ದರು, ದಬ್ಬಣದ ತುದಿ ಬಟ್ಟೆ ಹರಿದು ಹೊರಗೆ ಬಂದಿತ್ತು. ಸಿಂಧನೂರಿನಿಂದ ಬಂದಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ ಮೆಲ್ಲಗೆ ಪರಿಚಯ ಹೇಳುತ್ತಿದ್ದಳು. "ಮಿಲ್ಲಿನ್ಯಾಗ ನೀರು ನೋಡಲಾರದ ಬಾಯ್ಲರ್ ಒಡಿಸಿದ್ನಲ್ಲ, ಆ ಹುಡುಗನ ಅಕ್ಕ ಈಕಿ."

ಸಾವಿನ ಮನೆಯಲ್ಲಿ ದನಿಯೆತ್ತಬಾರದು. ಗೊತ್ತಿದ್ದೂ ಎತ್ತಿದೆ.

"ಅವ ನೀರು ನೋಡಿದ್ದ" ಎಂದೆ.

ಹೆಂಗಸರೆಲ್ಲ ತಿರುಗಿದರು. ಯಾರೋ ನನ್ನ ತೋಳು ಹಿಡಿದು, "ಸುಮ್ನಿರ್ರಿ ಟೀಚರ್" ಎಂದರು. ನಾನು ಕೈ ಕೊಸರಿಕೊಂಡು, ಮೂಲೆಯಲ್ಲಿ ಕೂತಿದ್ದ ಅವನ ಮಗಳಿಗೂ ಕೇಳುವಂತೆ ಇನ್ನೊಮ್ಮೆ ಅದನ್ನೇ ಹೇಳಿದೆ.