ಫೋನಿನೊಳಗಿನ ಖಾಕಿ

ಯಸಳೂರಿನಲ್ಲಿ ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಗಂಡ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ತೋಟಕ್ಕೆ ಇಳಿದರೆ ಅವರ ಫೋನಿಗೆ ಸಿಗ್ನಲ್ ಇರುವುದಿಲ್ಲ. ಆವತ್ತು ಪಕ್ಕದ ಮನೆಯಾಕೆಯ ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದೆ. ಯಾರೋ ಫೋನ್ ಮಾಡಿ, ನನ್ನ ಹೆಸರಿನ ಪಾರ್ಸೆಲ್ಲಿನಲ್ಲಿ ಗಾಂಜಾ ಸಿಕ್ಕಿದೆ, ಸಾಹೇಬರು ಮಾತಾಡುತ್ತಾರೆ ಎಂದರು. ನಾನು ಪಾರ್ಸೆಲ್ಲೇ ಕಳಿಸಿಲ್ಲ ಎನ್ನುವಷ್ಟರಲ್ಲಿ ವಿಡಿಯೊ ಕರೆ ಬಂತು. ಖಾಕಿ ತೊಟ್ಟ ಗಂಡಸು, ಬೆನ್ನ ಹಿಂದೆ ಬಾವುಟ, ಎಲ್ಲೋ ವೈರ್‌ಲೆಸ್ಸಿನ ಗರಗರ. ನನ್ನ ಆಧಾರ್ ಸಂಖ್ಯೆಯನ್ನು ಅವನೇ ಓದಿ ಹೇಳಿದ. ಅಲ್ಲಿಗೆ ಅವನು ಪೊಲೀಸನೇ ಎಂದು ನಂಬಿಬಿಟ್ಟೆ.

“ನಿಮ್ಮನ್ನ ಡಿಜಿಟಲ್ ಅರೆಸ್ಟ್ ಮಾಡಿದ್ದೀವಿ. ಬಾಗಿಲು ಹಾಕಿ. ಕ್ಯಾಮೆರಾ ಮುಂದಿನಿಂದ ಏಳಬೇಡಿ. ಯಾರಿಗಾದ್ರೂ ಹೇಳಿದ್ರೆ ನಿಮ್ಮ ಗಂಡನನ್ನೂ ಒಳಗೆ ಹಾಕ್ತೀವಿ.”

ಚಿಲಕವನ್ನು ನಾನೇ ಹಾಕಿದೆ. ಮಿಷಿನ್ನಿಗೆ ಫೋನ್ ಒರಗಿಸಿ ಕೈಕಟ್ಟಿ ಕೂತೆ.

ಬಿಸಿಲೇರಿದ ಮೇಲೆ ಪಕ್ಕದಾಕೆ ಬಂದು ಬಾಗಿಲು ಬಡಿದಳು. “ಕುಪ್ಸ ಆಯ್ತೇನೇ? ಹಗಲೊತ್ತು ಯಾಕೇ ಚಿಲ್ಕ ಹಾಕ್ಕಂಡಿದ್ದೀಯ?”

ಫೋನಿನಲ್ಲಿ ಅವನು ತುಟಿಯ ಮೇಲೆ ಬೆರಳಿಟ್ಟ.

“ತಲೆನೋವು ಕಣೇ, ಆಮೇಲೆ ಬಾ,” ಅಂದೆ. ಆಕೆಯ ಚಪ್ಪಲಿಯ ಸದ್ದು ದೂರವಾಯಿತು. ಕಿಟಕಿ ತೆರೆದೇ ಇತ್ತು. ರಸ್ತೆಯಲ್ಲಿ ಸಕಲೇಶಪುರದ ಬಸ್ಸಿಗೆ ಕಾಯುತ್ತಿದ್ದವರು ನಗಾಡುತ್ತಿದ್ದರು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನು ಫೋನನ್ನೇ ನೋಡುತ್ತ ಕೂತೆ.

ತನಿಖೆ ಮುಗಿಯುವವರೆಗೆ ಬ್ಯಾಂಕಿನಲ್ಲಿರುವುದನ್ನೆಲ್ಲ ತಾನು ಹೇಳುವ ಖಾತೆಗೆ ಹಾಕಬೇಕು ಎಂದ. ನನಗೆ ಬಚ್ಚಲಿಗೆ ಹೋಗಲೇಬೇಕಿತ್ತು. ಕೇಳಿದೆ.

“ಹೋಗಿ. ಫೋನ್ ಜೊತೆಗಿರಲಿ, ಕ್ಯಾಮೆರಾ ಆಫ್ ಮಾಡಬೇಡಿ.”

“ಸಾರ್, ಹೆಂಗಸು ನಾನು...”

“ಕಾನೂನಿಗೆ ಹೆಂಗಸು ಗಂಡಸು ಅಂತಿಲ್ಲ.”

ಫೋನ್ ಹಿಡಿದು ಎದ್ದೆ. ಬಚ್ಚಲ ಬಾಗಿಲವರೆಗೂ ಹೋದೆ. ಫೋನ್ ಹಿಡಿದು ಒಳಗೆ ಹೋಗಲು ಮನಸ್ಸಾಗಲಿಲ್ಲ. ಫೋನನ್ನು ಹಿತ್ತಿಲ ಒಗೆಯುವ ಕಲ್ಲಿನ ಮೇಲಿಟ್ಟು, ಬರಿಗಾಲಲ್ಲಿ ಪಕ್ಕದ ಮನೆಗೆ ನಡೆದುಬಿಟ್ಟೆ. ಅವನು ಕಳ್ಳನೆಂದು ತಿಳಿದು ಹೋದದ್ದಲ್ಲ. ಸಂಜೆಯೊಳಗೆ ನನ್ನ ಗಂಡನನ್ನು ಹಿಡಿಯುತ್ತಾರೆಂದೇ ನಂಬಿದ್ದೆ.

ಮೊದಲು ಅವರ ಬಚ್ಚಲಿಗೆ ಹೋದೆ. ಆಮೇಲೆ ಅಳುತ್ತಲೇ ನಡೆದದ್ದನ್ನು ಹೇಳಿದೆ. ಪಕ್ಕದಾಕೆ ಪೂರ್ತಿ ಕೇಳಿಸಿಕೊಂಡು ನನ್ನ ಕೈ ಹಿಡಿದೇ ಹಿತ್ತಿಲಿಗೆ ಬಂದಳು. ಕಲ್ಲಿನ ಮೇಲೆ ಅವನು ಇನ್ನೂ ಅರಚುತ್ತಿದ್ದ.

“ಯಾವ ಸ್ಟೇಷನ್ನೋ ನಿಂದು? ತಡಿ, ನಮ್ಮೂರ ಪೊಲೀಸ್ನೋರ ಹತ್ರಾನೇ ಫೋನ್ ಕೊಡ್ತೀನಿ, ಮಾತಾಡೀಯಂತೆ!”

ಕರೆ ಕಟ್ಟಾಯಿತು.

ಅವಳೇ ನನ್ನನ್ನು ಠಾಣೆಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಪೊಲೀಸರು ಸೈಬರ್ ಸಹಾಯವಾಣಿಗೆ ದೂರು ಕೊಡಿಸಿ, ಬ್ಯಾಂಕಿಗೂ ತಿಳಿಸಲು ಹೇಳಿದರು. “ಫೋನಲ್ಲಿ ಅರೆಸ್ಟ್ ಮಾಡೋ ಕಾನೂನೇ ಇಲ್ಲ ಕಣಮ್ಮ. ಇಂಥೋರ ಹತ್ರ ವಾದ ಮಾಡಕ್ಕೂ ನಿಲ್ಬೇಡಿ, ಕಟ್ ಮಾಡ್ಬುಡಿ.”

ದುಡ್ಡು ಉಳಿಯಿತು. ಆದರೂ ಗೊತ್ತಿಲ್ಲದ ನಂಬರ್ ಕಂಡರೆ ಫೋನನ್ನು ಮಗುಚಿ ಇಡುತ್ತೇನೆ. ಗಂಡನಿಗೆ ಎಲ್ಲ ಹೇಳಿದೆ, ಬಚ್ಚಲ ವಿಷಯವೊಂದನ್ನು ಬಿಟ್ಟು.

ಮೊನ್ನೆ ಅಳತೆ ಕೊಡಲು ಬಂದ ಮೇಡಂ ಒಬ್ಬರಿಗೆ ಅದನ್ನೂ ಹೇಳಿದೆ. ಅವರು ಕೈ ಎತ್ತಿ ನಿಂತಿದ್ದರು. ಟೇಪು ಅವರ ಸೊಂಟದ ಸುತ್ತ ಇತ್ತು. ಕೈ ಇಳಿಸಿ, “ನಂಗೂ ಇಂಥದೇ ಕರೆ ಬಂದಿತ್ತು. ನಾನು ಬಚ್ಚಲೊಳಗೂ ಫೋನ್ ತಗೊಂಡು ಹೋದೆ ಕಣ್ರೀ,” ಅಂದರು. “ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.”